ಗ್ರೈಂಡರ್ ಅತ್ತಿಗೆ

ಟೈರ್ ಅಂಗಡಿಗೂ ಮರದ ಡಿಪೋಗೂ ನಡುವಿನ ತಗಡಿನ ಶೆಡ್ಡಿನಲ್ಲಿ ಗೇಟು, ಕಿಟಕಿಯ ಗ್ರಿಲ್ಲು, ಮೆಟ್ಟಿಲಿನ ಕಂಬಿ ಮಾಡುತ್ತಾರೆ. ಅದರ ಯಜಮಾನಿಯನ್ನು ಆ ಬೀದಿಯಲ್ಲಿ ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಾರೆ. ಮೊದಲು ಹಾಗೆ ಕರೆದವನು ಅವಳ ಮೈದುನ. ಅವನ ಬಾಯಿಂದ ಕೆಲಸದವರ ಬಾಯಿಗೆ, ಅಲ್ಲಿಂದ ಟೈರ್ ಅಂಗಡಿಗೆ ಹಬ್ಬಿ, ಈಗ ತಲೆ ನರೆತ ಲಾರಿ ಡ್ರೈವರುಗಳಿಗೂ ಅವಳು ಅತ್ತಿಗೆಯೇ. ಅದು ಎದುರಿನ ಹೆಸರು. ಬೆನ್ನ ಹಿಂದೆ ಅವಳು ಗ್ರೈಂಡರ್ ಅತ್ತಿಗೆ. ಆ ಹೆಸರಿನಲ್ಲಿ ಗೌರವಕ್ಕಿಂತ ಭಯದ ಪಾಲೇ ಜಾಸ್ತಿ.

ಮದುವೆಯಾದ ಹೊಸತರಲ್ಲಿ ಅವಳಿಗೂ ಶೆಡ್ಡಿಗೂ ಇದ್ದ ನಂಟು ಊಟದ ಡಬ್ಬಿಯಷ್ಟೇ. ಮಧ್ಯಾಹ್ನ ಡಬ್ಬಿ ತರುವುದು, ಗಂಡ ಮತ್ತು ಮೈದುನ ಉಂಡು ಕೈ ತೊಳೆಯುವ ತನಕ ಬಾಗಿಲ ಬಳಿ ನಿಲ್ಲುವುದು, ಖಾಲಿ ಡಬ್ಬಿ ಎತ್ತಿಕೊಂಡು ಮನೆಗೆ ಹೋಗುವುದು. ಗಂಡನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಕೆಲಸದಲ್ಲಿ ಎತ್ತಿದ ಕೈ. ಅವನು ಬೆಸೆದು ತಿಕ್ಕಿದ ಜಾಗದಲ್ಲಿ ಉಗುರು ಎಳೆದರೂ ಗೆರೆ ಸಿಗುತ್ತಿರಲಿಲ್ಲ. ಆದರೆ ಬಾಯಿ ಮಾತ್ರ ಬೆಂಕಿ. ದಿನಕ್ಕೊಬ್ಬರನ್ನು ನಾಲ್ಕು ಜನರೆದುರು ಹಣಿಯದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಕಬ್ಬಿಣ ಕೊಯ್ಯುವ, ತಿಕ್ಕುವ ಹೊಸ ಗ್ರೈಂಡರ್ ಬಂದರೆ ಅವನು ಮೊದಲು ಮಾಡುತ್ತಿದ್ದ ಕೆಲಸ ಅದರ ಗಾರ್ಡ್ ಬಿಚ್ಚುವುದು. ಗಾರ್ಡ್ ಎಂದರೆ ತಿರುಗುವ ಡಿಸ್ಕನ್ನು ಅರ್ಧ ಮುಚ್ಚುವ ಕವಚ. ಡಿಸ್ಕು ಒಡೆದರೆ ಅದರ ಚೂರಿಗೂ ಹಿಡಿದವನ ಮುಖಕ್ಕೂ ನಡುವೆ ಇರುವುದು ಅದೊಂದೇ.

"ಮೂಲೆಗೆ ಹೋಗೋಕೆ ಬಿಡಲ್ಲ ಇದು, ಬರೀ ಅಡ್ಡ," ಎಂದು ಮೇಸ್ತ್ರಿ ಅದನ್ನು ಗುಜರಿಯ ರಾಶಿಗೆ ಎಸೆಯುತ್ತಿದ್ದ. ಆಮೇಲೆ ಪಕ್ಕದ ಹಿಡಿಯನ್ನೂ ತಿರುಗಿಸಿ ತೆಗೆಯುತ್ತಿದ್ದ. "ಇದಕ್ಕೂ ಎರಡು ಕೈ ಬೇಕು ಅನ್ನೋನು ಬಳೆ ತೊಟ್ಕೊಂಡು ಮನೇಲಿರ್ಲಿ."

ಒಮ್ಮೆ ದೊಡ್ಡದೊಂದು ಗೇಟಿನ ಕೆಲಸ ಅರ್ಧಕ್ಕೆ ನಿಂತಿದ್ದಾಗ ಗ್ರೈಂಡಿಂಗ್ ಮಾಡುವವನು ಮೇಸ್ತ್ರಿಯ ಬಾಯಿ ತಡೆಯಲಾರದೆ ಅಂಗಿ ಕೊಡವಿಕೊಂಡು ಎದ್ದುಹೋದ. ಅದೇ ಹೊತ್ತಿಗೆ ಡಬ್ಬಿ ತಂದ ಹೆಂಡತಿಯನ್ನು ಮೇಸ್ತ್ರಿ ಅಡಿಯಿಂದ ಮುಡಿಯವರೆಗೆ ನೋಡಿದ.

"ಡಬ್ಬಿ ಅಲ್ಲಿಡು. ಆ ಮಿಷನ್ನಿನ ಪ್ಲಗ್ ಹಾಕು."

ಮಿಷನ್ನು ನೆಲದ ಮೇಲೆ ಬಿದ್ದಿತ್ತು. ಅವಳು ಬಗ್ಗಿ ಪ್ಲಗ್ ಚುಚ್ಚಿದಳು. ಸ್ವಿಚ್ಚನ್ನು ಮೊದಲೇ ಮುಂದೆ ತಳ್ಳಿ ಚಾಲೂ ಇಟ್ಟಿದ್ದು ಅವಳಿಗೇನು ಗೊತ್ತು? ಕರೆಂಟು ಹರಿದದ್ದೇ ತಡ, ಗ್ರೈಂಡರ್ ನೆಲ ಬಿಟ್ಟು ಹಾರಿ, ಸುತ್ತು ತಿರುಗಿ, ಅವಳ ಮೊಣಕಾಲಿನ ಕೆಳಗೆ ಬಾಯಿ ಹಾಕಿತು. ಅವಳು ಕಿರುಚಿ ಕೂತಳು. ಶೆಡ್ಡಿಗೆ ಶೆಡ್ಡೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೈದುನ ಮಾತ್ರ ನಗಲಿಲ್ಲ. ನಗಬೇಡಿ ಎಂದು ಯಾರಿಗೂ ಹೇಳಲೂ ಇಲ್ಲ.

ಮೇಸ್ತ್ರಿ ಪ್ಲಗ್ ಕಿತ್ತು, ಎಣ್ಣೆಬಟ್ಟೆಯೊಂದನ್ನು ಅವಳ ಕಡೆ ಎಸೆದ. "ಕಟ್ಕೋ. ಪ್ಲಗ್ ಹಾಕೋ ಮುಂಚೆ ಸ್ವಿಚ್ ನೋಡ್ಬೇಕು ಅನ್ನೋದನ್ನ ಇನ್ನು ಸಾಯೋ ತನಕ ಮರೆಯಲ್ಲ ನೀನು. ಬಾಯಲ್ಲಿ ಹೇಳಿದ್ರೆ ನಾಳೆಗೇ ಮರೀತಿದ್ದೆ."

ಅವನು ಹೇಳಿದ್ದು ಸುಳ್ಳಾಗಲಿಲ್ಲ. ಅವಳು ಮರೆಯಲಿಲ್ಲ. ಕಾಲಿನ ಆ ಗಾಯಕ್ಕಿಂತ, ಅವನ ಮಾತು ನಿಜವಾದದ್ದೇ ಅವಳಿಗೆ ಹೆಚ್ಚು ನೋವಾಯಿತು.

ಹೀಗೆ ಅವಳು ಗ್ರೈಂಡಿಂಗ್ ಕಲಿತಳು. ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಕೂದಲನ್ನು ಗಂಟು ಹಾಕಿ ಬಟ್ಟೆಯೊಳಗೆ ಸಿಕ್ಕಿಸಿ, ಬೆಳಗಿನಿಂದ ಸಂಜೆಯವರೆಗೆ ಬೆಸುಗೆಯ ಗಂಟುಗಳನ್ನು ತಿಕ್ಕುತ್ತಿದ್ದಳು. ಮನೆಗೆ ಹೋದರೆ ಕಿವಿಯಲ್ಲಿ ಜೀರುಂಡೆ ಕೂತ ಹಾಗೆ. ಅತ್ತೆ ಎರಡು ಸಲ ಕರೆದರೂ ಕೇಳಿಸುತ್ತಿರಲಿಲ್ಲ. "ಕಿವುಡಿಯಾದ್ಲು, ಈಗ ಬೇಕಾದ್ದು ಮಾತ್ರ ಕೇಳಿಸ್ಕೋತಾಳೆ," ಎಂದು ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಅದು ಮಾತ್ರ ಅವಳಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಸುಟ್ಟ ಮಿಷನ್ನುಗಳನ್ನು ರಿಪೇರಿಗೆ ಒಯ್ಯುವುದೂ ಅವಳ ತಲೆಗೇ ಬಂತು. ರಿಪೇರಿ ಮಾಡುವವನು ಒಬ್ಬ ಸಿಡುಕು ಮುದುಕ, ಮಾತಾಡಿದರೆ ಮುತ್ತು ಉದುರುತ್ತದೆ ಎನ್ನುವಂಥವನು. ಒಂದು ದಿನ ಅವಳು ಕೊಟ್ಟ ಚಿಕ್ಕ ಗ್ರೈಂಡರನ್ನು ನೋಡಿ, ಅದರಲ್ಲಿದ್ದ ದೊಡ್ಡ ಡಿಸ್ಕನ್ನು ನೋಡಿ, ಕನ್ನಡಕ ಹಣೆಗೇರಿಸಿದ.

"ಇದನ್ನ ಯಾರು ಹಿಡಿಯೋದು?"

"ನಾನೇ ತಾತ."

"ಓದೋಕೆ ಬರುತ್ತಾ?"

"ಬರುತ್ತೆ."

"ಮತ್ತೆ ಯಾಕೆ ಓದಿಲ್ಲ?" ಡಿಸ್ಕಿನ ಮೇಲಿನ ಸಣ್ಣ ಅಂಕಿಯ ಮೇಲೆ ಬೆರಳಿಟ್ಟ. "ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದ್ರೆ ಇದು ತಡಿಯುತ್ತೆ ಅಂತ ಇಲ್ಲಿ ಬರೆದಿದೆ. ಮಿಷನ್ ಎಷ್ಟು ತಿರುಗುತ್ತೆ ಅಂತ ಮಿಷನ್ ಮೇಲೆ ಬರೆದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಈ ಡಿಸ್ಕು ದೊಡ್ಡ ಮಿಷನ್ನಿಗೆ ಮಾಡಿದ್ದು, ಅದು ನಿಧಾನ. ನಿಂದು ಚಿಕ್ಕದು, ಹುಚ್ಚು ಹಿಡಿದ ಹಾಗೆ ತಿರುಗುತ್ತೆ. ಗಾರ್ಡ್ ಇದ್ದಿದ್ರೆ ಈ ಡಿಸ್ಕು ಒಳಗೇ ಕೂರ್ತಿರ್ಲಿಲ್ಲ. ಅದಕ್ಕೇ ತಾನೇ ಬಿಚ್ಚಿದ್ದು?"

"ದೊಡ್ಡದಾದ್ರೆ ಆಳಕ್ಕೆ ಕೊಯ್ಯುತ್ತೆ ಅಂತಾರೆ ನಮ್ಮನೆಯವರು."

"ಕೊಯ್ಯುತ್ತೆ. ಅಂಥ ಮಿಷನ್ನುಗಳೂ ಬರ್ತವೆ ನನ್ನ ಹತ್ರ. ಬಿಚ್ಚೋ ಮುಂಚೆ ತೊಳೀಬೇಕಾಗುತ್ತೆ."

ಅವನಿಗೆ ಕರುಣೆಯ ಪರಿಚಯವಿರಲಿಲ್ಲ, ಆದರೆ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಹೋದಾಗಲೆಲ್ಲ ಅವಳು ಒಂದೊಂದು ಕೇಳಿದಳು. ಡಿಸ್ಕು ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಹೊಸ ಡಿಸ್ಕು ಹಾಕಿದ ಮೇಲೆ ಮುಖ ದೂರವಿಟ್ಟು ಸ್ವಲ್ಪ ಹೊತ್ತು ಬರಿದೇ ಓಡಿಸಬೇಕು. ಕೊಯ್ಯುವ ತೆಳು ಡಿಸ್ಕಿನ ಪಕ್ಕದಿಂದ ತಿಕ್ಕಬಾರದು. ಕೊಯ್ಯುವ ಕಬ್ಬಿಣ ಬಾಗಿ ಡಿಸ್ಕನ್ನು ಕಚ್ಚಿಕೊಳ್ಳದ ಹಾಗೆ ಆನಿಕೆ ಕೊಡಬೇಕು. ಡಿಸ್ಕಿನ ನೇರಕ್ಕೆ ಕೂರಬಾರದು. ತಿರುಗುವುದು ಪೂರ್ತಿ ನಿಲ್ಲುವ ತನಕ ಕೆಳಗಿಡಬಾರದು. ಡ್ರಿಲ್ ಹಿಡಿಯುವಾಗ ಕೈಗವಸು ಹಾಕಬಾರದು, ಸುತ್ತಿಕೊಂಡರೆ ಬೆರಳನ್ನೂ ಕರೆದುಕೊಂಡು ಹೋಗುತ್ತದೆ.

ಗುಜರಿಯ ರಾಶಿ ಕೆದಕಿ ಅವಳು ತನ್ನ ಮಿಷನ್ನಿಗೆ ಗಾರ್ಡ್ ಹಾಕಿಕೊಂಡಳು. ಕಣ್ಣಿಗೊಂದು ಕನ್ನಡಕ ಕೊಂಡಳು, ಸುತ್ತ ಮುಚ್ಚುವಂಥದ್ದು. ಮೇಸ್ತ್ರಿಗೆ ಇಷ್ಟು ಸಾಕಾಯಿತು.

"ವಿಮಾನ ಎಷ್ಟೊತ್ತಿಗೆ ಹೊರಡುತ್ತಮ್ಮಾ?" ಎಂದು ದಿನ ಬೆಳಗಾದರೆ ಕೇಳುತ್ತಿದ್ದ. ಕೆಲಸದವರನ್ನು ಸಾಲಾಗಿ ನಿಲ್ಲಿಸಿ ಅವಳಿಗೆ ಕೈ ಬೀಸಿಸುತ್ತಿದ್ದ. ಒಮ್ಮೆ ಗಿರಾಕಿಯೊಬ್ಬ ಹೆಂಡತಿ ಮಕ್ಕಳ ಜೊತೆ ಗೇಟು ನೋಡಲು ಬಂದಿದ್ದಾಗ ಮೇಸ್ತ್ರಿ ಆ ಕನ್ನಡಕವನ್ನು ಟೈರ್ ಅಂಗಡಿಯ ನಾಯಿಗೆ ತೊಡಿಸಿ, ಕತ್ತಿನ ಚರ್ಮ ಹಿಡಿದು ಎಳೆದುಕೊಂಡು ಬಂದ. "ಇವಳು ನನ್ನ ಹೆಂಡ್ತಿ. ನಮಸ್ಕಾರ ಮಾಡೇ." ಗಿರಾಕಿಯ ಮಕ್ಕಳು ಕೇಕೆ ಹಾಕಿ ನಕ್ಕವು. ಅವಳು ನಾಯಿಯ ಮುಖದಿಂದ ಕನ್ನಡಕ ಬಿಡಿಸಿ, ನಲ್ಲಿಯಲ್ಲಿ ತೊಳೆದು, ಒರೆಸಿ ಮತ್ತೆ ಹಾಕಿಕೊಂಡು ಕೆಲಸಕ್ಕೆ ಕೂತಳು. ಕನ್ನಡಕದೊಳಗೆ ಏನಾಗುತ್ತಿದೆ ಎಂದು ಹೊರಗಿನವರಿಗೆ ಕಾಣುವಂತಿರಲಿಲ್ಲ.

ಅನಾಹುತ ನಡೆದದ್ದು ಅದೇ ಗಿರಾಕಿಯ ಮೆಟ್ಟಿಲಿನ ಕಂಬಿಯ ಕೆಲಸದಲ್ಲಿ. ದಪ್ಪ ಪೈಪು, ಆಳಕ್ಕೆ ಕೊಯ್ಯಬೇಕು. ಗಿರಾಕಿ ಶೆಡ್ಡಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಮೇಸ್ತ್ರಿ ತಮ್ಮನಿಗೆ ಕೂಗಿ ಹೇಳಿದ: "ಚಿಕ್ಕದಕ್ಕೇ ದೊಡ್ಡ ಡಿಸ್ಕ್ ಹಾಕೋ. ಇವಳು ಕೊಯ್ತಾಳೆ."

ಮೈದುನ ಒಮ್ಮೆ ಅತ್ತಿಗೆಯ ಮುಖ ನೋಡಿದ. ಆಮೇಲೆ ಗಾರ್ಡ್ ಬಿಚ್ಚಿ, ದೊಡ್ಡ ಡಿಸ್ಕು ಕೂರಿಸಿ, ನಟ್ಟು ಬಿಗಿದು ಅವಳ ಮುಂದೆ ಹಿಡಿದ. ಅವಳು ಕೈ ಚಾಚಲಿಲ್ಲ.

"ಈ ಡಿಸ್ಕ್ ಈ ಮಿಷನ್ನಿಗಲ್ಲ ಕಣ್ರೀ. ಗಾರ್ಡ್ ಇಲ್ದೆ ನಾನು ಹಿಡಿಯಲ್ಲ."

"ಏನಂದೆ?"

"ಹಿಡಿಯಲ್ಲ ಅಂದೆ."

ಗಿರಾಕಿಯ ಎದುರು, ಕೆಲಸದವರ ಎದುರು ಕೆನ್ನೆಗೆ ಬಿತ್ತು. ಕನ್ನಡಕ ಹಾರಿ ಹೋಗಿ ಕಬ್ಬಿಣದ ಪುಡಿಯಲ್ಲಿ ಬಿತ್ತು. ಗಿರಾಕಿ ಮೊಬೈಲು ತೆಗೆದು ಏನನ್ನೋ ನೋಡತೊಡಗಿದ.

"ಇತ್ಲಾಗೆ ಬಿಡು. ಹೆಂಗಸರ ಕೈಗೆ ಮಿಷನ್ ಕೊಟ್ಟಿದ್ದೇ ನನ್ನ ತಪ್ಪು," ಎಂದು ಮೇಸ್ತ್ರಿ ತಮ್ಮನ ಕೈಯಿಂದ ಗ್ರೈಂಡರ್ ಕಿತ್ತುಕೊಂಡ. ಪೈಪನ್ನು ಎಡಗಾಲಿನಿಂದ ತುಳಿದು, ಒಂದೇ ಕೈಯಲ್ಲಿ ಮಿಷನ್ನು ಹಿಡಿದು, ಇನ್ನೊಂದು ಕೈಯನ್ನು ಸೊಂಟಕ್ಕೆ ಇಟ್ಟುಕೊಂಡ. ಗಿರಾಕಿಯ ಕಡೆ ನೋಡಿ ಕಣ್ಣು ಮಿಟುಕಿಸಿದ. ಕಿಡಿಗಳು ಹೂಬಾಣದಂತೆ ಚಿಮ್ಮಿದವು. ಡಿಸ್ಕು ಪೈಪಿನ ಅರ್ಧಕ್ಕೆ ಇಳಿದಾಗ ಕೆಳಗೆ ಆನಿಕೆಯಿಲ್ಲದ ಪೈಪು ತನ್ನ ಭಾರಕ್ಕೇ ಬಾಗಿ ಡಿಸ್ಕನ್ನು ಕಚ್ಚಿಕೊಂಡಿತು. ಮಿಷನ್ನು ಅವನ ಕಡೆಗೇ ಒದ್ದಿತು. ಡಿಸ್ಕು ಒಡೆದ ಸದ್ದು ದೊಡ್ಡದೇನೂ ಅಲ್ಲ. ಟೈರ್ ಅಂಗಡಿಯವನು ಟ್ಯೂಬು ಒಡೆಯಿತು ಅಂದುಕೊಂಡನಂತೆ.

ಒಂದು ಚೂರು ಮೇಸ್ತ್ರಿಯ ದವಡೆಯನ್ನು ಸೀಳಿ, ಕೆನ್ನೆಯಿಂದ ಮೇಲೆ ಹರಿದು, ಬಲಗಣ್ಣನ್ನು ತೆಗೆದುಕೊಂಡು ಹೋಗಿತ್ತು. ಅವನು ಅಂಗಾತ ಬಿದ್ದ. ಕೈಯಿಂದ ಜಾರಿದ ಗ್ರೈಂಡರ್ ನಿಂತಿರಲಿಲ್ಲ. ಸ್ವಿಚ್ಚು ಮುಂದಕ್ಕೆ ತಳ್ಳಿದ ಹಾಗೇ ಇತ್ತು. ಮುರಿದ ಡಿಸ್ಕಿನ ಮೊಂಡು ಹಲ್ಲನ್ನು ತಿರುಗಿಸುತ್ತ ಅದು ನೆಲದಲ್ಲಿ ಕುಪ್ಪಳಿಸಿ ಅವನ ತೊಡೆಯ ಕಡೆಗೇ ಹೊರಟಿತ್ತು. ಮೈದುನ "ಅಣ್ಣಾ" ಎಂದು ಕೂಗಿ ಅವನ ಮೇಲೆ ಬಾಗಿದ. ಕೆಲಸದವರೆಲ್ಲ ಅತ್ತಲೇ ಓಡಿದರು. ಅತ್ತಿಗೆ ಒಬ್ಬಳು ಇತ್ತ ಓಡಿದಳು, ಗೋಡೆಯ ಕಡೆಗೆ. ಪ್ಲಗ್ ಕಿತ್ತಳು. ಮಿಷನ್ನು ಮೈದುನನ ಮೊಣಕಾಲಿನ ಹತ್ತಿರ ಬಂದು ಸುಮ್ಮನಾಯಿತು.

ಆಮೇಲಷ್ಟೇ ಅವಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮುಖಕ್ಕೆ ಒತ್ತಿ ಹಿಡಿದಳು. ಆಸ್ಪತ್ರೆಯ ತನಕವೂ ಹಿಡಿದೇ ಇದ್ದಳು. ಆದರೆ ಬೀದಿಯವರ ಕಣ್ಣಿಗೆ ಬಿದ್ದದ್ದು ಮೊದಲಿನ ಓಟ ಮಾತ್ರ. ಗಂಡ ರಕ್ತದ ಮಡುವಿನಲ್ಲಿ ಬಿದ್ದಿದ್ದರೆ ಇವಳು ಕರೆಂಟು ಉಳಿಸಲು ಹೋದಳು ಎಂದು ಡಿಪೋದವನು ಹೇಳಿದ. ಆ ಮಾತು ಮನೆ ಸೇರಲು ತಡವಾಗಲಿಲ್ಲ.

"ಗಂಡನಿಗಿಂತ ಪ್ಲಗ್ ಹೆಚ್ಚಾಯ್ತೇನೇ ನಿನಗೆ?" ಎಂದು ಅತ್ತೆ ಆಸ್ಪತ್ರೆಯ ಬೆಂಚಿನ ಮೇಲೆ, ಎಲ್ಲರೂ ತಿರುಗಿ ನೋಡುವ ಹಾಗೆ ಕೇಳಿದಳು.

"ಅದು ಇನ್ನೂ ತಿರುಗ್ತಿತ್ತು ಅತ್ತೆ. ಇವರ ಕಾಲನ್ನೂ—"

"ಸಾಕು ಮುಚ್ಚು ಬಾಯಿ."

ಮೈದುನ ಪಕ್ಕದಲ್ಲೇ ಇದ್ದ. ಅವನ ಮೊಣಕಾಲು ನೆಟ್ಟಗಿತ್ತು. ಅವನು ಅದನ್ನೇ ನೋಡುತ್ತ ಕೂತಿದ್ದ.

ಮೇಸ್ತ್ರಿ ಬದುಕಿದ. ದವಡೆಗೆ ತಂತಿ ಹಾಕಿ ಕಟ್ಟಿದ್ದರು. ತಂತಿ ಬಿಚ್ಚಿದ ಮೇಲೂ ಬಾಯಿ ಸೊಟ್ಟಗೇ ಉಳಿಯಿತು, ಮಾತಿನಲ್ಲಿ ಗಾಳಿ ಸೇರಿಕೊಂಡಿತು. ಮಾತು ಮರಳಿದಾಗ ಅವನು ಮೊದಲು ಹೇಳಿದ್ದು ಇದು: "ಡಿಸ್ಕ್ ಹಾಕಿದ್ದು ಅವಳು. ನಟ್ ಬಿಗಿದಿರ್ಲಿಲ್ಲ. ಹೊಡೆದೆ ಅಂತ ಸೇಡು ತೀರಿಸ್ಕೊಂಡ್ಲು."

ನೋಡಲು ಬಂದವರೆಲ್ಲ ಈ ಕಥೆಯನ್ನು ಕಿವಿಯಲ್ಲಿ ತುಂಬಿಕೊಂಡು ಹೋದರು. ಅವಳು ಮೈದುನನನ್ನು ಅಡುಗೆಮನೆಯ ಬಾಗಿಲಲ್ಲಿ ತಡೆದಳು.

"ಡಿಸ್ಕ್ ಹಾಕಿದ್ದು ಯಾರು ಅಂತ ನಿನಗೆ ಗೊತ್ತು."

"ಅತ್ತಿಗೆ, ಅಣ್ಣ ಈ ಸ್ಥಿತೀಲಿರುವಾಗ..."

"ಒಂದು ಮಾತು ಹೇಳೋಕೆ ಏನಾಗುತ್ತೆ ನಿನಗೆ?"

"ಹೇಳಿದ್ರೆ ನನ್ನ ತಲೆಗೆ ಬರುತ್ತೆ, ಅಲ್ವಾ?" ಎಂದು ಅವನು ತುಂಬ ಮೆಲ್ಲಗೆ, ಬೇಡುವವನ ಹಾಗೆ ಹೇಳಿದ. "ನಿಮ್ಮ ಮೇಲೆ ಹೇಗೂ ಬಂದಾಗಿದೆ."

ಆ ದಿನದಿಂದ ಅವಳೊಳಗೆ ಏನೋ ಗಟ್ಟಿಯಾಯಿತು. ಶೆಡ್ಡಿನ ಬೀಗದ ಕೈ ತೆಗೆದುಕೊಂಡು ಹೋಗಿ ಬಾಗಿಲು ತೆರೆದಳು. ಮೈದುನ ಸ್ವಲ್ಪ ಕಾಲ ಜೊತೆಗಿದ್ದ. ಹೆಂಗಸಿನ ಕೈಕೆಳಗೆ ದುಡಿಯುತ್ತಾನೆ ಎಂದು ಡಿಪೋದವರು ಚುಚ್ಚತೊಡಗಿದ ಮೇಲೆ ಬೀದಿಯ ಆ ತುದಿಯಲ್ಲಿ ತನ್ನದೇ ಶೆಡ್ಡು ಹಾಕಿಕೊಂಡ. ಅಣ್ಣನ ಹಾಗೇ ಗಾರ್ಡ್ ಬಿಚ್ಚಿದ ಮಿಷನ್ನು, ಅಣ್ಣನ ಹಾಗೇ ಬೇಗ ಮುಗಿಯುವ ಕೆಲಸ. ಅವಸರದ ಗಿರಾಕಿಗಳು ಅತ್ತ ಹೋದರು.

ಅತ್ತಿಗೆ ತನ್ನ ಶೆಡ್ಡಿನಲ್ಲಿ ಗಾರ್ಡ್ ಬಿಚ್ಚಿದವನಿಗೆ ಆ ಕ್ಷಣವೇ ದಾರಿ ತೋರಿಸುತ್ತಿದ್ದಳು. ಕನ್ನಡಕ ಹಣೆಗೇರಿಸಿಕೊಂಡವನಿಗೂ ಅಷ್ಟೇ. ಬೈಯುತ್ತಿರಲಿಲ್ಲ. ಗೋಡೆಗೆ ಹೋಗಿ ಅವನ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದಳು, ಅಷ್ಟೇ. ಅವನು ತಾನಾಗಿ ಎದ್ದು ಹೋಗಬೇಕು.

ಮನೆಯಲ್ಲಿ ಕೂತು ಕೂತು ಬೇಸತ್ತ ಮೇಸ್ತ್ರಿ ಕಪ್ಪು ಕನ್ನಡಕ ಹಾಕಿಕೊಂಡು ಶೆಡ್ಡಿಗೆ ಬರತೊಡಗಿದ. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯದೆ ಸುತ್ತಿಗೆ ಏಟು ಬೆರಳಿಗೇ ಬೀಳುತ್ತಿತ್ತು, ಹಾಗಾಗಿ ಕೆಲಸ ಮಾಡಲಾರ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಹೋಗಿಬರುವವರಿಗೆಲ್ಲ ನಟ್ಟಿನ ಕಥೆ ಹೇಳುತ್ತಿದ್ದ. ಒಂದು ದಿನ ಹೊಸದಾಗಿ ಸೇರಲು ಬಂದ ಬೆಸುಗೆಯವನಿಗೂ ಹೇಳುತ್ತಿದ್ದ. "ಹುಷಾರಪ್ಪ, ಈಕೆ ಹೊಡ್ತಕ್ಕೆ ಹೊಡ್ತ ಕೊಡೋಳು."

ಅವಳು ಕೇಳಿಸಿಕೊಂಡಳು. ಬಂದಳು. ಗಂಡನ ಗದ್ದ ಹಿಡಿದು ಮುಖ ಎತ್ತಿ, ಕಪ್ಪು ಕನ್ನಡಕ ತೆಗೆದಳು.

"ನೋಡಪ್ಪ. ಸರಿಯಾಗಿ ನೋಡು. ಇಲ್ಲಿಂದ ಇಲ್ಲಿಗೆ ಬಂತು. ಗಾರ್ಡ್ ಇರ್ಲಿಲ್ಲ, ಡಿಸ್ಕ್ ಆ ಮಿಷನ್ನಿಗಲ್ಲ, ಪೈಪಿಗೆ ಆನಿಕೆ ಇಲ್ಲ, ಒಂದು ಕೈಯಲ್ಲಿ ಹಿಡಿದಿದ್ರು. ಕಣ್ಣಿನ ಗುಳಿ ಒಳಗೆ ನೋಡು, ಹೆದರ್ಬೇಡ. ನಾಳೆಯಿಂದ ಬರ್ತೀಯ?"

"ಬಿಡೇ," ಎಂದ ಮೇಸ್ತ್ರಿ. ಗಾಳಿ ಸೇರಿದ ದನಿಯಲ್ಲಿ ಮತ್ತೊಮ್ಮೆ ಅಂದ, "ಬೇಡ ಕಣೇ, ಹಾಕು."

"ಅವನು ನೋಡಿ ಮುಗಿಸ್ಲಿ."

ಬೆಸುಗೆಯವನ ಮುಖ ಬೂದಿಯಂತಾಗಿತ್ತು. ಮರುದಿನ ಅವನು ಯಾರೂ ಹೇಳದೆಯೇ ಕನ್ನಡಕ ಹಾಕಿಕೊಂಡು ಕೂತ. ಅತ್ತಿಗೆಗೆ ಇದು ಸರಿಯೆನಿಸಿತು. ಅಂದಿನಿಂದ ಹೊಸಬರು ಯಾರೇ ಬರಲಿ, ಮೊದಲು ಸ್ಟೂಲಿನ ಮುಂದೆ ನಿಲ್ಲಿಸುತ್ತಿದ್ದಳು. ಗದ್ದ ಎತ್ತುವುದು, ಕನ್ನಡಕ ತೆಗೆಯುವುದು, ಬೆರಳಿನಿಂದ ಗಾಯದ ದಾರಿ ತೋರಿಸುವುದು. ಮೇಸ್ತ್ರಿ ಮೊದಮೊದಲು ಕೈ ತಳ್ಳಿದ, ಬೈದ, ಒಮ್ಮೆ ಅತ್ತ. ಆಮೇಲೆ ಹೊಸಬರ ನೆರಳು ಬಾಗಿಲಲ್ಲಿ ಬಿದ್ದರೆ ತಾನೇ ಗದ್ದ ಎತ್ತಿ ಕೂರುವಷ್ಟು ಪಳಗಿದ. ಮನೆಯಲ್ಲಿ ಅನ್ನ ಹಾಕುವವಳು ಅವಳು, ಮದ್ದು ಹಾಕುವವಳೂ ಅವಳೇ. ಸ್ಟೂಲು ಬಿಟ್ಟರೆ ಅವನಿಗೆ ಹೋಗಲು ಜಾಗವಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ತಪ್ಪೆಂದು ಒಮ್ಮೆಯೂ ಅನಿಸಲಿಲ್ಲ ಎಂದಲ್ಲ. ಅನಿಸಿದಾಗ ನಾಯಿಯ ಕತ್ತಿನ ಚರ್ಮ ನೆನಪಿಸಿಕೊಳ್ಳುತ್ತಿದ್ದಳು. ಅನಿಸಿದ್ದು ಹೋಗುತ್ತಿತ್ತು. ಶೆಡ್ಡಿನಲ್ಲಿ ಯಾರಿಗೂ ದೊಡ್ಡ ಗಾಯವಾಗಲಿಲ್ಲ ಎಂಬುದೂ ಸುಳ್ಳಲ್ಲ.

ಒಂದು ಬೆಳಗ್ಗೆ ಕೆಲಸ ಕೇಳಿಕೊಂಡು ಒಬ್ಬ ಹೆಂಗಸು ಬಂದಳು. ಬೇರೆ ಎಲ್ಲೋ ಗ್ರೈಂಡಿಂಗ್ ಮಾಡಿದ್ದವಳು, ಮುಂಗೈ ತುಂಬ ಕಿಡಿಯ ಚುಕ್ಕೆ. ಅತ್ತಿಗೆಗೆ ಅವಳನ್ನು ಕಂಡೊಡನೆ ಇಷ್ಟವಾಯಿತು. ಕೂರಿಸಿ ನೀರು ಕೊಟ್ಟಳು. ಆಮೇಲೆ ಎಂದಿನಂತೆ ಸ್ಟೂಲಿನ ಹತ್ತಿರ ಕರೆದೊಯ್ದು ಕನ್ನಡಕ ತೆಗೆದು, ಎಂದಿನ ಮಾತು ಆರಂಭಿಸಿದಳು. ಆ ಹೆಂಗಸು ಗಾಯ ನೋಡಲಿಲ್ಲ. ಅತ್ತಿಗೆಯ ಮುಖವನ್ನೇ ನೋಡುತ್ತಿದ್ದಳು.

"ಇವರು ನಿಮ್ಮ ಯಜಮಾನ್ರಲ್ವಾ ಅಕ್ಕ?"

"ಹೌದು."

"ನಾನು ಬರ್ತೀನಕ್ಕ."

"ಯಾಕೆ? ಭಯ ಆಯ್ತಾ? ಗಾರ್ಡ್ ಇದ್ರೆ ಮಿಷನ್ ಏನೂ ಮಾಡಲ್ಲ ಕಣಮ್ಮ."

"ಮಿಷನ್ ಭಯ ನನಗಿಲ್ಲಕ್ಕ," ಎಂದಳು ಹೆಂಗಸು, ಚೀಲ ಹೆಗಲಿಗೇರಿಸುತ್ತ. "ನಿಮ್ಮನ್ನ ನೋಡಿದ್ರೆ ಭಯ ಆಗುತ್ತೆ."

ಅವಳು ಹೊರಟುಹೋದಳು. ಮೇಸ್ತ್ರಿಯ ಸೊಟ್ಟ ಬಾಯಿಂದ ಉಸ್ಸುಸ್ಸೆಂದು ಗಾಳಿ ಬಂತು. ನಗುತ್ತಿದ್ದಾನೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಪೆಟ್ಟು ಬಿದ್ದ ಮೇಲೆ ಅವನು ನಕ್ಕದ್ದು ಇದೇ ಮೊದಲು.

"ನನ್ನ ಮುಖಕ್ಕೆ ನೇರ ಯಾರೂ ಹೀಗಂದಿರ್ಲಿಲ್ಲ," ಎಂದ. "ನನ್ನನ್ನೇ ಮೀರಿಸ್ಬಿಟ್ಟೆ ಕಣೇ ನೀನು."

ಅವಳು ಕೈಯಲ್ಲಿದ್ದ ಕಪ್ಪು ಕನ್ನಡಕವನ್ನು ಅವನ ಮಡಿಲಿಗೆ ಹಾಕಿ ಒಳಗೆ ಹೋದಳು. ಅಂದು ಮಿಷನ್ನು ಹಿಡಿಯಲಿಲ್ಲ. ಮನಸ್ಸು ಬೇರೆಲ್ಲೋ ಇರುವಾಗ ಹಿಡಿಯಬಾರದೆಂದು ಅವಳೇ ಎಲ್ಲರಿಗೂ ಹೇಳುತ್ತಿದ್ದವಳು.

ಆಮೇಲೆ ಅವಳು ಅವನ ಗದ್ದ ಎತ್ತಲಿಲ್ಲ. ಹೊಸಬರಿಗೆ ಬಾಯಲ್ಲೇ ಹೇಳಿದಳು. ಕೆಲವರು ಕೇಳಿದರು, ಕೆಲವರು ತಲೆಯಾಡಿಸಿ ಮರೆತರು. ಮರೆತವರ ಪ್ಲಗ್ ಕೀಳುವುದು ಮುಂದುವರಿಯಿತು. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ನಟ್ಟಿನ ಕಥೆ ಹೇಳುವುದೂ ಮುಂದುವರಿಯಿತು. ಅವಳು ತಡೆಯಲಿಲ್ಲ.

ಆ ಹೆಂಗಸು ಮೈದುನನ ಶೆಡ್ಡಿಗೆ ಸೇರಿದಳೆಂದು ಟೈರ್ ಅಂಗಡಿಯವನಿಂದ ತಿಳಿಯಿತು. ಅತ್ತಿಗೆ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಬೀದಿಯ ಆ ತುದಿಗೆ ನಡೆದಳು. ಬೇರೆಯಾದ ಮೇಲೆ ಅವಳು ಅಲ್ಲಿಗೆ ಕಾಲಿಟ್ಟಿದ್ದು ಅದೇ ಮೊದಲು.

"ಆಕೆಯ ಮಿಷನ್ನಿಗಾದ್ರೂ ಗಾರ್ಡ್ ಹಾಕಿಸೋ," ಎಂದಳು.

ಮೈದುನ ತಲೆ ಎತ್ತಲಿಲ್ಲ. "ನಿಮ್ಮ ಶೆಡ್ಡಲ್ಲಿ ನಿಮ್ಮ ಮಾತು ಅತ್ತಿಗೆ. ಇಲ್ಲಿ ನನ್ನದು."

ಒಳಗೆ ಆ ಹೆಂಗಸು ಕುಕ್ಕುರುಗಾಲಲ್ಲಿ ಕೂತು ಗ್ರಿಲ್ಲು ತಿಕ್ಕುತ್ತಿದ್ದಳು. ಕಣ್ಣಿಗೆ ಏನೂ ಇಲ್ಲ. ಗಾರ್ಡಿಲ್ಲದ ಡಿಸ್ಕು ಸರಿಯಾಗಿ ಅವಳ ಮುಖದ ನೇರಕ್ಕೆ ತಿರುಗುತ್ತಿತ್ತು. ಕೂಗಿದರೆ ಬೆಚ್ಚಿ ಕೈ ತಪ್ಪೀತು. ಹಾಗಾಗಿ ಅತ್ತಿಗೆ ಅವಳು ಸ್ವಿಚ್ ಆರಿಸಿ, ಡಿಸ್ಕು ತಿರುಗಿ ತಿರುಗಿ ನಿಲ್ಲುವ ತನಕ ಬಾಗಿಲಲ್ಲೇ ಕಾದಳು.

"ಅದರ ನೇರಕ್ಕೆ ಕೂರ್ಬೇಡಮ್ಮ," ಎಂದಳು. "ಸ್ವಲ್ಪ ಪಕ್ಕಕ್ಕೆ ಸರ್ಕೋ. ಅಷ್ಟಾದ್ರೂ ಮಾಡು."

ಹೆಂಗಸು ಗ್ರಿಲ್ಲಿನ ಮುಂದಿನ ಬೆಸುಗೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. ಆಮೇಲೆ ಕೂತಲ್ಲೇ ಒಂದು ಗೇಣು ಪಕ್ಕಕ್ಕೆ ಸರಿದು, ಮಿಷನ್ನು ಎತ್ತಿಕೊಂಡಳು.